ಅಂಬಿಗನ ಎಡಗಣ್ಣು

ನಮ್ಮ ಭಾವ ಯಾರನ್ನೇ ಭೇಟಿಯಾಗಲಿ, ಅವರ ಕಣ್ಣನ್ನು ನೋಡುತ್ತಿರಲಿಲ್ಲ, ಬಾಯನ್ನು ನೋಡುತ್ತಿದ್ದರು. ಇದು ಸಂಕೋಚವೂ ಅಲ್ಲ, ಅಸಡ್ಡೆಯೂ ಅಲ್ಲ, ಕಸುಬು. ದಂತವೈದ್ಯರೊಬ್ಬರ ಚಿಕಿತ್ಸಾಲಯದ ಹಿಂಬದಿಯಲ್ಲಿ, ಔಷಧದ ಪೆಟ್ಟಿಗೆಗಳಿಗೂ ನೀರಿನ ತೊಟ್ಟಿಗೂ ನಡುವೆ ಉಳಿದ ಕಿರುಕೋಣೆಯಲ್ಲಿ ಕೂತು ಪರರ ಬಾಯಿಗೆ ಹಲ್ಲು ಕಟ್ಟಿಕೊಡುತ್ತ ಪ್ರಾಯವನ್ನೆಲ್ಲ ಸವೆಸಿದವರು ಅವರು. ನನ್ನ ಮೇಲಿನ ಸಾಲಿನ ಒಂದು ಹಲ್ಲು ಕೂಡ ಅವರ ಕೈಯದೇ. ನಾನು ನನ್ನ ಸುಖದುಃಖ ಹೇಳಿಕೊಳ್ಳುವಾಗ ಅವರು ಗಂಭೀರವಾಗಿ ತಲೆದೂಗುತ್ತಿದ್ದದ್ದು ನನ್ನ ಮಾತಿಗೋ ಆ ಹಲ್ಲಿಗೋ ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ನಡಿಗೆಯೂ ಕಸುಬಿನದೇ. ಇನ್ನೂ ಗಟ್ಟಿಯಾಗದ ಅಚ್ಚೊಂದನ್ನು ಹೊತ್ತವರಂತೆ ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಅಂಗೈಗಳನ್ನು ತುಸು ಮುಂದೆ ಚಾಚಿ, ನೆಲವನ್ನು ನಂಬದೆ ಹೆಜ್ಜೆಯಿಡುತ್ತಿದ್ದರು. ಕೈ ಖಾಲಿಯಿದ್ದಾಗಲೂ, ಬೀದಿ ದಾಟುವಾಗಲೂ. ಮೈಮೇಲೆ ಮಂಡಿಯವರೆಗಿನ ಕಂದು ಕೋಟು. ಅದರ ಮೇಲೆ ಅಲ್ಲಲ್ಲಿ ಮೇಣದ ಹನಿ, ಹೊಲಿಗೆಯ ಸಂದುಗಳಲ್ಲಿ ಎಷ್ಟು ಒಗೆದರೂ ಹೋಗದ ಒಸಡಿನ ಬಣ್ಣದ ಪುಡಿ. ಆ ಕೋಟಿಲ್ಲದೆ ಭಾವ ಎದುರಿಗೆ ಬಂದರೆ ಪರಿಚಯದವರು ಕೂಡ ಒಂದು ಗಳಿಗೆ ತಡವರಿಸುತ್ತಿದ್ದರು. ಮಾತು ಕಡಿಮೆ. ಇದ್ದ ಮಾತಿನಲ್ಲೂ ಅರ್ಧ ಪಾಲು 'ಕಚ್ಚಿ ನೋಡೋಣ' ಎಂಬ ಒಂದೇ ಪದಪುಂಜ. ಹೊಸ ಹಲ್ಲಿನ ಸೆಟ್ಟನ್ನು ಬಾಯಿಗಿಟ್ಟು ಮೇಲಿನದೂ ಕೆಳಗಿನದೂ ಕೂಡಿಬರುತ್ತದೆಯೇ ಎಂದು ಪರೀಕ್ಷಿಸುವಾಗ ಹೇಳುವ ಈ ಮಾತು ಅವರ ನಾಲಿಗೆಯಲ್ಲಿ ಎಷ್ಟು ನೆಲೆಯೂರಿತ್ತೆಂದರೆ, ಬಾಡಿಗೆಗೆ ಮನೆ ನೋಡಲು ಹೋದಾಗಲೂ, ನನ್ನ ಮದುವೆಯ ಪ್ರಸ್ತಾಪ ಬಂದಾಗಲೂ ಅವರು ಸಾವಕಾಶವಾಗಿ ಅದನ್ನೇ ನುಡಿದಿದ್ದರು. ಹೆಣ್ಣಿನ ಕಡೆಯವರು ಮುಖ ಮುಖ ನೋಡಿಕೊಂಡದ್ದನ್ನು ಅಕ್ಕ ಇಂದಿಗೂ ಹೇಳಿ ನಗುತ್ತಾಳೆ.

ಒಮ್ಮೆ ನಾವಿಬ್ಬರೂ ಬಸ್ಸಿನಲ್ಲಿ ಹೋಗುತ್ತಿದ್ದೆವು. ಎದುರಿನ ಆಸನದಲ್ಲಿ ಮುದುಕರೊಬ್ಬರು ಇಡೀ ಸೇಬಿನ ಹಣ್ಣನ್ನು ಕಚ್ಚಿ ಕಚ್ಚಿ ತಿನ್ನುತ್ತಿದ್ದರು. ಇಳಿಯುವ ಜಾಗ ಬಂತು, ನಾನು ಎದ್ದೆ, ಭಾವ ಏಳಲಿಲ್ಲ. ಹಣ್ಣು ದಿಂಡಿಗೆ ಬಂದು, ಮುದುಕರು ಬಾಯಿ ಒರೆಸಿಕೊಂಡು, ಕೈವಸ್ತ್ರ ಮಡಿಸಿ ಜೇಬಿಗಿಟ್ಟ ಮೇಲೆಯೇ ಅವರು ಎದ್ದದ್ದು. ಬಿಸಿಲಲ್ಲಿ ವಾಪಸು ನಡೆಯುತ್ತ ನಾನು ಕೇಳಿದೆ, "ಯಾರು ಭಾವ ಅವರು?"

"ಗೊತ್ತಿಲ್ಲ. ಮೇಲಿನ ಸೆಟ್ಟು ನಂದು."

ಅಷ್ಟೆ. ಆ ಮುದುಕರಿಗೆ ಇವರ ಗುರುತಿಲ್ಲ, ಇವರಿಗೆ ಅವರ ಹೆಸರಿಲ್ಲ. ಆದರೆ ಮನೆ ತಲುಪುವವರೆಗೂ ಭಾವನ ಮುಖದಲ್ಲಿ ಸಂಬಳ ಬಂದ ದಿನದ ಕಳೆ ಇತ್ತು.

ನಮ್ಮ ಅಕ್ಕನ ಕೆಲಸವೂ ಇಂಥದ್ದೇ. ಸಿಗರೇಟಿನ ಕಿಡಿ ಬಿದ್ದ ಕೋಟು, ಇಲಿ ಕಡಿದ ಶಾಲು, ಮೊಳೆಗೆ ಸಿಕ್ಕಿ ಹರಿದ ಪ್ಯಾಂಟು ಮುಂತಾದವಕ್ಕೆ ಆಯಾ ಬಟ್ಟೆಯ ಒಳಅಂಚಿನಿಂದಲೇ ಎಳೆ ಬಿಡಿಸಿ, ಕೂದಲೆಳೆಯಂಥ ಸೂಜಿಯಲ್ಲಿ ಹೆಣೆದು, ಹರಿದದ್ದು ಎಲ್ಲಿ ಎಂದು ಹರಿದವನೇ ಹುಡುಕುವ ಹಾಗೆ ರಫು ಮಾಡಿಕೊಡುತ್ತಾಳೆ. ಆದರೆ ಗಂಡ ಮೌನಿಯಾದಷ್ಟೂ ಇವಳು ವಾಚಾಳಿ. ಇಬ್ಬರೂ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕಿದವರಲ್ಲ. ಮನೆಯಲ್ಲೂ ಅವರದೊಂದು ಕೆಲಸದ ಮೇಜಿತ್ತು, ಅದರ ಮೇಲಿನ ಧೂಳನ್ನು ಇವಳು ಒರೆಸುತ್ತಿರಲಿಲ್ಲ. ಇವಳ ಸೂಜಿಡಬ್ಬಿಯನ್ನು ಅವರು ಮುಟ್ಟುತ್ತಿರಲಿಲ್ಲ. ಒಂದೇ ಮನೆಯಲ್ಲಿ ಎರಡು ರಾಜ್ಯ, ನಡುವೆ ಅಡುಗೆಮನೆ.

ನಡುಕ ಬಂದದ್ದು ಕಳ್ಳಹೆಜ್ಜೆಯಲ್ಲಿ. ಮೊದಮೊದಲು ಕಾಫಿಯ ಬಟ್ಟಲು ತಟ್ಟೆಯ ಮೇಲೆ ಸಣ್ಣಗೆ ಕಿಣಿಗುಟ್ಟುತ್ತಿತ್ತು. ಅಕ್ಕ ಏನೂ ಹೇಳದೆ ಬಟ್ಟಲುಗಳನ್ನೆಲ್ಲ ಅಟ್ಟಕ್ಕೆ ಸೇರಿಸಿ ಲೋಟದಲ್ಲಿ ಕಾಫಿ ಕೊಡತೊಡಗಿದಳು. ಆಮೇಲೆ ಒಂದು ದಿನ ಮೇಣದ ಚಾಕು ಜಾರಿ, ಇನ್ನೇನು ಮುಗಿಯಲಿದ್ದ ಹಲ್ಲಿನ ಸಾಲಿಗೆ ಕಚ್ಚು ಬಿತ್ತು. ನೋಡಿದವರು ಯಾರೂ ಇರಲಿಲ್ಲ, ತಿದ್ದಿ ಮುಚ್ಚಿಹಾಕಬಹುದಿತ್ತು. ಭಾವ ಕಚ್ಚು ಬಿದ್ದ ಆ ಸಾಲನ್ನು ಕೈಯಲ್ಲಿ ಹಿಡಿದು ನೇರ ಡಾಕ್ಟರ ಕೋಣೆಗೆ ಹೋದರು.

ಡಾಕ್ಟರು ಒಳ್ಳೆಯವರು. "ಸ್ವಲ್ಪ ದಿನ ಆರಾಮಾಗಿರಿ, ಮಾತ್ರೆ ತಗೊಳ್ಳಿ. ನಿಮ್ಮ ಮೇಜು ಎಲ್ಲೂ ಓಡಿಹೋಗಲ್ಲ. ಕೈ ಸರಿಯಾಯ್ತು ಅಂತ ನೀವೇ ಬಂದು ಹೇಳಿ, ಅವತ್ತಿಂದ ಕೂತ್ಕೊಳ್ಳಿ. ನಾನು ಪರೀಕ್ಷೆ ಗಿರೀಕ್ಷೆ ಮಾಡೋನಲ್ಲ," ಎಂದರಂತೆ. ಕೆಲಸವನ್ನು ಹೊರಗಿನವರಿಗೆ ಕೊಟ್ಟು, ಬಂದ ಸೆಟ್ಟುಗಳು ಕೂಡಿಬಾರದೆ, ಒಳಗೊಳಗೇ ಒದ್ದಾಡುತ್ತಿದ್ದರೂ ಆ ಮೇಜಿಗೆ ಬೇರೆ ಯಾರನ್ನೂ ಕೂರಿಸಲಿಲ್ಲ. ಹೀಗೆ ತೀರ್ಪು ಹೇಳುವ ಹೊಣೆ ಪೂರ್ತಿ ಭಾವನ ತಲೆಯ ಮೇಲೇ ಬಿತ್ತು. ಅವರ ಕೈಗೆ ಅವರಿಗಿಂತ ಕಟ್ಟುನಿಟ್ಟಿನ ನ್ಯಾಯಾಧೀಶರು ಇನ್ನೊಬ್ಬರು ಸಿಗುತ್ತಿರಲಿಲ್ಲ.

ಮನೆಯಲ್ಲಿ ಕೂತ ಭಾವ ಅಕ್ಕನ ಪಾಲಿಗೆ ನುಂಗಲಾರದ ತುತ್ತಾದರು. ಮನೆಯ ಸಡಿಲ ಹಿಡಿಗಳನ್ನೆಲ್ಲ ಬಿಗಿದಾಯಿತು. ಬಿಗಿದದ್ದನ್ನು ಮತ್ತೆ ಸಡಿಲಿಸಿ ಬಿಗಿದಾಯಿತು. ಹಲ್ಲಿಗೆ ಹೊಳಪು ಕೊಡುವ ಕಲ್ಲುಪುಡಿಯಲ್ಲಿ ಪಾತ್ರೆಗಳನ್ನು ತಿಕ್ಕಿ ತಿಕ್ಕಿ, ಒಂದು ತಟ್ಟೆ ಕಾಗದದಷ್ಟು ತೆಳ್ಳಗಾಯಿತು. ಊಟಕ್ಕೆ ಕೂತರೆ ಅಕ್ಕನಿಗೆ, "ಎಡಗಡೆಯಲ್ಲೇ ಅಗೀತೀಯ ನೀನು, ಬಲಗಡೆಯೂ ಸ್ವಲ್ಪ ಅಗಿ," ಎಂಬ ಉಪದೇಶ. "ಇವರನ್ನ ಯಾವುದಾದ್ರೂ ಡಬ್ಬಿಯೊಳಗೆ ಹಾಕಿ ಮುಚ್ಚಳ ಬಿಗಿಯೋ ಹಾಗಿದ್ರೆ ಬಿಗಿದುಬಿಡ್ತಿದ್ದೆ ಕಣೋ," ಎಂದು ನನ್ನೆದುರು ಗೊಣಗಿದವಳು ಮರುಗಳಿಗೆಗೆ ದನಿ ತಗ್ಗಿಸಿ, "ಬೆಳಿಗ್ಗೆ ಎದ್ದು ಕೋಟು ಹಾಕ್ಕೊಂಡು ಬಾಗಿಲ ತನಕ ಹೋಗಿ ವಾಪಸ್ ಬರ್ತಾರೆ. ನೋಡೋಕಾಗಲ್ಲ," ಎಂದಳು.

ಹೀಗಿರುವಾಗ ಅಕ್ಕ ಯಾರದೋ ಕೋಟನ್ನು ತಲುಪಿಸಿ ಬರುವ ದಾರಿಯಲ್ಲಿ ಬೊಂಬೆಯಂಗಡಿಯ ಗಾಜಿನ ಹಿಂದೆ ಒಂದು ಪೆಟ್ಟಿಗೆ ಕಂಡಳು. ಮುಚ್ಚಳದ ಮೇಲೆ ಮುದಿ ಅಂಬಿಗನೊಬ್ಬನ ಚಿತ್ರ: ಒಂದು ಕಾಲನ್ನು ಮರದ ಕೊರಡಿನ ಮೇಲಿಟ್ಟು, ಹುಟ್ಟಿಗೆ ಒರಗಿ, ಬಾಯಿ ತೆರೆದು ಆಚೆ ದಡದವರನ್ನು ಕರೆಯುತ್ತಿರುವ ಭಂಗಿ. ಬೀರುವಿನ ಮೇಲಿಡಲು ಚೆನ್ನಾಗಿರುತ್ತದೆಂದು ತಂದು, ಮನೆಯಲ್ಲಿ ಬಿಚ್ಚಿ ನೋಡಿದರೆ ಒಳಗೆ ಬೂದಿಬಣ್ಣದ ಕೈ ಒಂದು ಕಡೆ, ಕಾಲು ಒಂದು ಕಡೆ, ತಲೆ ಮತ್ತೊಂದು ಕಡೆ. "ಒಡೆದದ್ದನ್ನ ಕಟ್ಟಿ ಕೊಟ್ಟಿದ್ದಾನಲ್ಲ," ಎಂದು ಅಂಗಡಿಯವನಿಗೆ ಮಂಗಳಾರತಿ ಮಾಡಿ ಬರಲು ಚಪ್ಪಲಿ ಮೆಟ್ಟಿದವಳನ್ನು ಭಾವ ತಡೆದರು. ಬೆರಳ ತುದಿಯಷ್ಟಿದ್ದ ಆ ತಲೆಯನ್ನು ಎತ್ತಿ, ಉಗುರಿನಿಂದ ತಟ್ಟಿ ಕೇಳಿ, ಮೂಸಿ, ಕೆಳದುಟಿಗೆ ಸವರಿ ನೋಡಿದರು.

"ಒಡೆದದ್ದಲ್ಲ ಇದು. ನಾವೇ ಕಟ್ಕೊಳ್ಳಲಿ ಅಂತ ಕೊಟ್ಟಿರೋದು. ರೆಸಿನ್ನು. ನಮ್ಮ ಸಾಮಾನೇ, ಬಣ್ಣ ಬೇರೆ." ಆಮೇಲೆ ಭೂತಗನ್ನಡಿ ತಂದು ಅಂಬಿಗನ ತೆರೆದ ಬಾಯೊಳಗೆ ಇಣುಕಿ ಅಸಮಾಧಾನದಿಂದ ಹೇಳಿದರು, "ಕೆಳಗಿನ ಹಲ್ಲೇ ಇಲ್ಲ ಇವನಿಗೆ. ಆದ್ರೂ ಕೆನ್ನೆ ತುಂಬ್ಕೊಂಡಿದೆ. ಮಾಡಿದವನಿಗೆ ಬಾಯಿ ಗೊತ್ತಿಲ್ಲ."

ಬಹಳ ದಿನಗಳ ಮೇಲೆ ಅವರು ಆಡಿದ ದೀರ್ಘ ಮಾತು ಅದು. ಅಕ್ಕ ಚಪ್ಪಲಿ ಕಳಚಿದಳು. ಆ ಸಂಜೆಯೇ ಭಾವ ತಮ್ಮ ಪಣವನ್ನೂ ನಮ್ಮಿಬ್ಬರ ಮುಂದಿಟ್ಟರು. ಅಂಬಿಗನ ಕಣ್ಣು ಸಾಸಿವೆಯ ಅರ್ಧದಷ್ಟಿದೆ. ಅದರೊಳಗೆ ಬಿಳಿ, ಕಪ್ಪು, ರೆಪ್ಪೆಯ ಗೆರೆ, ಎಲ್ಲ ಬರಬೇಕು. "ಎರಡು ಕಣ್ಣೂ ನೆಟ್ಟಗೆ ಬಂದ್ರೆ ಡಾಕ್ಟರ ಹತ್ರ ಹೋಗ್ತೀನಿ, ಕೈ ಸರಿಯಾಗಿದೆ ಅಂತೀನಿ. ಬರದಿದ್ರೆ ಹೋಗಲ್ಲ." ಆಡಿದ ಮಾತಿಗೆ ತಪ್ಪುವವರಲ್ಲವೆಂದು ಗೊತ್ತಿದ್ದ ಅಕ್ಕ ಅಂದಿನಿಂದ ಆ ಬೊಂಬೆಯನ್ನು ಮನೆಗೆ ಬಂದ ಅಪಾಯದ ಅತಿಥಿಯಂತೆ ನೋಡತೊಡಗಿದಳು.

ಮೊದಲ ದಿನಗಳು ಹಬೆಯಾಡುವ ಉತ್ಸಾಹದವು. ಅಚ್ಚಿನಿಂದ ಬಿಡಿಸುವಾಗ ಸವರಿದ ಎಣ್ಣೆಯ ಜಿಡ್ಡು ಹೋಗಲೆಂದು ತುಂಡುಗಳನ್ನೆಲ್ಲ ಸಾಬೂನು ನೀರಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದರು. ಅಚ್ಚಿಗೆ ರೆಸಿನ್ ಸುರಿದ ಕಡೆ ಉಳಿದಿದ್ದ ಮೊಂಡುಗಳನ್ನು ಕತ್ತರಿಸಿದರು. ಡೊಂಕಾಗಿದ್ದ ಹುಟ್ಟನ್ನು ಬಿಸಿನೀರಲ್ಲಿ ಮುಳುಗಿಸಿ, ಮೆತ್ತಗಾದಾಗ ಗಾಜಿನ ಮೇಲೆ ಒತ್ತಿ, ತಣ್ಣೀರಿಗೆ ಹಾಕಿ ನೆಟ್ಟಗೆ ಮಾಡಿದರು. ತೋಳಿಗೂ ಭುಜಕ್ಕೂ ಸಣ್ಣ ರಂಧ್ರ ಕೊರೆದು, ತಂತಿಯ ತುಂಡು ತೂರಿಸಿ, ಅಂಟು ಹಾಕಿ ಕೂಡಿಸಿದರು. ಸಂದುಗಳಿಗೆ ಪುಟ್ಟಿ ಮೆತ್ತಿದರು. ಈ ಒರಟು ಕೆಲಸಕ್ಕೆ ನಡುಕ ಅಡ್ಡಿ ಬರಲಿಲ್ಲ. ಎರಡು ಮಣಿಕಟ್ಟುಗಳನ್ನು ಒಂದಕ್ಕೊಂದು ಆನಿಸಿ, ಮೊಣಕೈಗಳನ್ನು ಮೇಜಿನಂಚಿಗೆ ಊರಿ ಕೂತರೆ ಕೈ ಹೇಳಿದ ಮಾತು ಕೇಳುತ್ತಿತ್ತು. ಅಕ್ಕ ಒಳಗಿನಿಂದಲೇ ಕತ್ತು ಚಾಚಿ ನೋಡಿ ನೆಮ್ಮದಿಯ ಉಸಿರು ಬಿಡುತ್ತಿದ್ದಳು.

ಆಮೇಲೆ ಅವರು ಒಂದು ತಪ್ಪು ಮಾಡಿದರು. ಹಲ್ಲು ಕಟ್ಟುವವರಲ್ಲದೆ ಬೇರೆ ಯಾರೂ ಅಂಥ ತಪ್ಪು ಮಾಡಲಾರರು. ಕೂಡಿಸಿದ ಅಂಬಿಗನಿಗೆ ನೆತ್ತಿಯಿಂದ ಅಂಗಾಲಿನವರೆಗೆ ಹೊಳಪು ಕೊಟ್ಟುಬಿಟ್ಟರು. ಹಲ್ಲಿನ ಸೆಟ್ಟಿಗೆ ನುಣುಪೇ ಪ್ರಾಣ. ಎಲ್ಲಾದರೂ ತುಸು ಒರಟಿದ್ದರೆ ನಾಲಿಗೆ ಹಗಲಿರುಳು ಅಲ್ಲಿಗೇ ಹೋಗಿ ಹುಣ್ಣು ಮಾಡಿಕೊಳ್ಳುತ್ತದೆ. ಆ ಭಯ ಕೈಬೆರಳಲ್ಲೇ ನೆಲೆಸಿದ್ದ ಮನುಷ್ಯ ಮೊದಲು ಒದ್ದೆ ಮರಳುಕಾಗದ, ಆಮೇಲೆ ಕಲ್ಲುಪುಡಿ, ಕೊನೆಗೆ ಮೆತ್ತನೆಯ ಬಟ್ಟೆ ಎಂದು ತಿಕ್ಕಿ ತೀಡಿ, ಬೊಂಬೆ ಈಗ ತಾನೇ ನೀರಿಂದೆದ್ದಂತೆ ಫಳಫಳ ಹೊಳೆಯುವಂತೆ ಮಾಡಿ, ತೃಪ್ತಿಯಿಂದ ನನ್ನ ಕೈಗಿತ್ತರು. ಅಕ್ಕ ನೋಡಿ, "ಸುಕ್ಕೆಲ್ಲ ಎಲ್ಲೋಯ್ತು? ಮುದುಕನ್ನ ಮದುವೆಗಂಡು ಮಾಡಿದ್ದೀರಲ್ಲ," ಎಂದಳು. ನಿಜ. ಶಿಲ್ಪಿ ಕಷ್ಟಪಟ್ಟು ಕೊರೆದಿದ್ದ ಹಣೆಯ ಗೆರೆಗಳೆಲ್ಲ ಆ ತಿಕ್ಕಾಟದಲ್ಲಿ ಅಳಿಸಿಹೋಗಿದ್ದವು.

ಸುಕ್ಕಿನ ಮಾತು ಹಾಗಿರಲಿ, ಬಣ್ಣವೇ ಕೂರಲಿಲ್ಲ. ಹಚ್ಚಿದ ಬಣ್ಣ ಕೆಸುವಿನೆಲೆಯ ಮೇಲಿನ ನೀರಿನಂತೆ ಹನಿಹನಿಯಾಗಿ ಮುದುಡಿತು. ಬಲವಂತದಿಂದ ಎರಡು ಸಲ ಬಳಿದದ್ದು ಒಣಗಿ, ಹಾಲಿನ ಕೆನೆಯ ಹಾಗೆ ಇಡಿಯಾಗಿ ಎದ್ದುಬಂತು. ಬಣ್ಣ ಕಳಪೆಯೆಂದು ಬೇರೆ ತಂದರು, ಅದೂ ಹಾಗೇ ಆಯಿತು. ಕೊನೆಗೆ ಬೊಂಬೆಯನ್ನು ಹಿಡಿದುಕೊಂಡು ಅಂಗಡಿಗೇ ಹೋದೆವು. ಅಂಗಡಿಯವನು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ಸಾರ್, ಇದರಲ್ಲಿ ಮುಖ ನೋಡ್ಕೊಂಡು ತಲೆ ಬಾಚ್ಕೋಬಹುದು. ಇಷ್ಟು ನುಣ್ಣಗಿದ್ರೆ ಬಣ್ಣ ಎಲ್ಲಿ ಹಿಡ್ಕೊಳ್ಳುತ್ತೆ? ಮೊದಲು ಒರಟು ಮಾಡಿ, ಆಮೇಲೆ ಈ ಬೂದಿಬಣ್ಣದ ಲೇಪ ಹಾಕಿ, ಅದರ ಮೇಲೆ ಬಣ್ಣ," ಎಂದು ನಗುತ್ತ ಹೇಳಿದ.

ಭಾವನಿಗೆ ನಗು ಬರಲಿಲ್ಲ. ಹೊಳಪು ಕೊಟ್ಟದ್ದನ್ನು ತಮ್ಮ ಕೈಯಾರೆ ಕೆಡಿಸುವುದು ಅವರಿಗೆ ಎಂಥ ಸಂಕಟದ ಕೆಲಸವೆಂದರೆ, ಮರಳುಕಾಗದವನ್ನು ಹಿಡಿದು ಒಂದು ಇಡೀ ಬೆಳಗು ಸುಮ್ಮನೆ ಕೂತಿದ್ದರು. ಕೊನೆಗೆ ಕಣ್ಣು ಬೇರೆ ಕಡೆ ಮಾಡಿಕೊಂಡು, ಮಗುವಿನ ಗಾಯಕ್ಕೆ ಔಷಧ ಹಚ್ಚುವವರಂತೆ ಮುಖ ಕಿವುಚಿಕೊಂಡು, ಉಜ್ಜಿದರು. ಕಳೆದುಹೋದ ಸುಕ್ಕುಗಳನ್ನು ಮೇಣದ ಚಾಕುವಿನ ತುದಿಯಿಂದ ಒಂದೊಂದಾಗಿ ಮತ್ತೆ ಕೊರೆದರು. ಅಲ್ಲಿ ಅವರ ಕೈಯ ನಡುಕ ಉಪಕಾರವನ್ನೇ ಮಾಡಿತು. ಅಂಬಿಗನ ಹಣೆಯ ಗೆರೆಗಳು ಮೊದಲಿಗಿಂತ ಹೆಚ್ಚು ಸಹಜವಾಗಿ ಅಂಕುಡೊಂಕಾದವು. ಲೇಪ ಕೂತಿತು, ಬಣ್ಣ ಹಿಡಿಯಿತು. ತೆಳು ತೆಳುವಾಗಿ ಬಳಿಯುತ್ತ ಹೋದಂತೆ ಮಾಸಿದ ನೀಲಿಯ ಅಂಗಿ, ಮಂಡಿಯ ಬಳಿ ತೇಪೆ, ಬಿಸಿಲಿಗೆ ಕರಿಕಟ್ಟಿದ ಮೂಗು, ನೀರಲ್ಲಿ ನೆನೆದು ಬೆಳ್ಳಗಾದ ಬೆರಳ ತುದಿ ಒಂದೊಂದಾಗಿ ಬಂದವು. ಬಾಯೊಳಗಿನ ಮೇಲಿನ ಹಲ್ಲುಗಳಿಗೆ ಮಾತ್ರ ಭಾವ ನಾಲ್ಕು ಬಗೆಯ ಬಿಳಿ ಬೆರೆಸಿ, ತಂಬಾಕಿನ ಹಳದಿಯನ್ನು ಸೋಕಿಸಿ, ಅತಿ ಮುತುವರ್ಜಿಯಿಂದ ಬಣ್ಣ ಹಾಕಿದರು. ಅಷ್ಟು ಸಣ್ಣ ಬಾಯಲ್ಲಿ ಅದು ಯಾರಿಗೂ ಕಾಣುವುದಿಲ್ಲ ಎಂದೆ. ಅವರು ನನ್ನ ಹಲ್ಲಿನ ಕಡೆ ನೋಡಿ ಮತ್ತೆ ಕುಂಚ ಎತ್ತಿಕೊಂಡರು.

ಉಳಿದದ್ದು ಕಣ್ಣು. ಅಲ್ಲಿ ಭಾವನಿಗೆ ಮತ್ತೊಂದು ತೊಡಕು ಎದುರಾಯಿತು. ಜೀವಮಾನವೆಲ್ಲ ಬಾಯನ್ನೇ ನೋಡಿದ ಅವರಿಗೆ ಕಣ್ಣು ಹೇಗಿರುತ್ತದೆಂಬುದು ಗೊತ್ತಿರಲಿಲ್ಲ. ಮೊದಲ ಯತ್ನದಲ್ಲಿ ಬಿಳಿಯ ನಟ್ಟನಡುವೆ ದುಂಡಗೆ ಕಪ್ಪು ಇಟ್ಟರು. ಅಂಬಿಗ ಹಾವು ತುಳಿದವನಂತೆ ಬೆಚ್ಚಿ ನಿಂತ. ಒದ್ದೆ ಹತ್ತಿಯಲ್ಲಿ ಒರೆಸಿ, ಅವತ್ತಿನಿಂದ ಎದುರಿಗೆ ಬಂದವರ ಕಣ್ಣು ನೋಡಲು ಕಲಿತರು. ಹಾಲಿನವನ ಕಣ್ಣು, ಮೇಲಿನ ಮನೆಯ ಟೈಪಿಸ್ಟನ ಕಣ್ಣು, ನನ್ನ ಕಣ್ಣು. ಎಲ್ಲರಿಗಿಂತ ಹೆಚ್ಚು ತೊಂದರೆಗೆ ಸಿಕ್ಕಿದವಳು ಅಕ್ಕ. ಅವಳು ಕಿಟಕಿಯ ಬಳಿ ಸೂಜಿ ಹಿಡಿದು ಕೂತರೆ ಇವರು ಎದುರಿಗೆ ಸ್ಟೂಲು ಹಾಕಿಕೊಂಡು, ಕಣ್ಣಲ್ಲಿ ಕಣ್ಣಿಟ್ಟು, ಎವೆಯಿಕ್ಕದೆ ಕೂತುಬಿಡುತ್ತಿದ್ದರು.

"ಏನ್ರೀ ಅದು, ಹೊಸದಾಗಿ ನೋಡೋರ ಹಾಗೆ?"

"ರೆಪ್ಪೆ ಕಪ್ಪನ್ನ ಸ್ವಲ್ಪ ಮುಚ್ಕೊಳ್ಳುತ್ತೆ. ಪೂರ್ತಿ ದುಂಡಗೆ ಕಾಣಲ್ಲ," ಎಂದರು ಭಾವ. ಸ್ವಲ್ಪ ಹೊತ್ತಿನ ಮೇಲೆ, "ನಿಂದು ಪೂರ್ತಿ ಕಪ್ಪೂ ಅಲ್ಲ ಕಣೆ. ಅಂಚಲ್ಲಿ ಕಂದು ಇದೆ."

"ಈಗ ಗೊತ್ತಾಯ್ತಾ," ಎಂದು ಅಕ್ಕ ಬಟ್ಟೆಯನ್ನು ಮುಖದ ಹತ್ತಿರಕ್ಕೆ ತಂದುಕೊಂಡಳು. ನಾನು ಅಲ್ಲೇ ಕೂತಿದ್ದೇನೆಂಬುದನ್ನು ಇಬ್ಬರೂ ಮರೆತಂತಿತ್ತು. ಅವರ ಸಂಸಾರದಲ್ಲಿ ಅಂಥದೊಂದು ಮಾತು ಅದಕ್ಕೆ ಮೊದಲು ಆಗಿರಲಾರದು ಎನಿಸಿ ನನಗೆ ಸುಮ್ಮನೆ ಸಂತೋಷವಾಯಿತು.

ಬಲಗಣ್ಣು ಬಂತು. ಎಷ್ಟು ಸಲ ಬರೆದು ಎಷ್ಟು ಸಲ ಒರೆಸಿದರೋ ಲೆಕ್ಕವಿಲ್ಲ. ಕುಂಚದಲ್ಲಿ ನಾಲ್ಕೇ ಕೂದಲು ಉಳಿಸಿಕೊಂಡು, ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು, ನಡುಕ ಒಂದು ಕ್ಷಣ ತಂಗುವುದನ್ನು ಕಾದು, ಆ ಕ್ಷಣದಲ್ಲಿ ಮುಟ್ಟಿಸಿ ಎತ್ತಿಬಿಡಬೇಕು. ಹಾಗೆ ಬೆಳಗಿನಿಂದ ಕೂತು ಒಂದು ಗೆರೆ ಬಂದರೆ ಅದು ಆ ದಿನದ ಸಂಪಾದನೆ. ಹೀಗೆ ಒಂದು ವಾರಕ್ಕೆ ಬಲಗಣ್ಣು ಮುಗಿದಾಗ ಅಂಬಿಗ ನಿಜವಾಗಿ ಆಚೆ ದಡವನ್ನು ನೋಡುತ್ತಿದ್ದ. ಭಾವ ಆ ಹುರುಪಿನಲ್ಲಿ ಡಾಕ್ಟರಿಗೆ ಫೋನು ಮಾಡಿ, "ಬರೋ ಸೋಮವಾರ ಬರ್ತೀನಿ," ಎಂದುಬಿಟ್ಟರು. ಅಕ್ಕ ಕಂದು ಕೋಟನ್ನು ಒಗೆದು ಇಸ್ತ್ರಿ ಮಾಡಿ ಮೊಳೆಗೆ ತಗುಲಿಸಿದಳು.

ಎಡಗಣ್ಣು ಬರಲಿಲ್ಲ. ಬಿಳಿ ಬಂತು, ಕಪ್ಪು ಮೂಗಿನ ಕಡೆಗೆ ಸರಿಯಿತು. ಒರೆಸಿ ಬರೆದರೆ ಮತ್ತೆ ಅತ್ತಲೇ ಸರಿಯಿತು. ಎಡಭುಜದ ಕಡೆ ತಿರುಗಿದ ಮುಖದಲ್ಲಿ ಎಡಗಣ್ಣು ಅಂಗಿಯ ಮೇಲೆದ್ದ ಕಾಲರಿನ ಮರೆಯಲ್ಲಿತ್ತು. ಅಲ್ಲಿಗೆ ಕುಂಚ ತಲುಪಿಸಲು ಮಣಿಕಟ್ಟನ್ನು ಊರುಗೋಲಿಲ್ಲದೆ ಗಾಳಿಯಲ್ಲಿ ಹಿಡಿಯಬೇಕಿತ್ತು, ಗಾಳಿಯಲ್ಲಿ ಅದು ನಿಲ್ಲುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಭಾವ ಕುಂಚವನ್ನು ತೊಳೆದಿಟ್ಟು, ಮೆಳ್ಳಗಣ್ಣಿನ ಅಂಬಿಗನ ಮೇಲೆ ಗಾಜಿನ ಲೋಟ ಬೋರಲು ಹಾಕಿ, "ಇಷ್ಟೆ," ಎಂದರು. ಅನ್ನ ಕಲಸಿಟ್ಟದ್ದು ತಟ್ಟೆಯಲ್ಲೇ ಉಳಿಯಿತು. ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ನಾನು ಆ ಮಧ್ಯಾಹ್ನ ಅವರನ್ನು ಮಾತಾಡಿಸಿ ಬರೋಣವೆಂದು ಹೋದಾಗ ಬಾಗಿಲಿಗೆ ಅಗುಳಿ ಹಾಕಿರಲಿಲ್ಲ. ಒಳಗೆ ಭಾವನ ಮೇಜಿನ ಮುಂದೆ, ಭಾವನ ಭೂತಗನ್ನಡಿಯನ್ನು ಹಣೆಗೆ ಕಟ್ಟಿಕೊಂಡು, ಅಕ್ಕ ಕೂತಿದ್ದಳು. ಎಡಗೈಯಲ್ಲಿ ಅಂಬಿಗ, ಬಲಗೈಯಲ್ಲಿ ಅವಳ ಅತಿ ಸಣ್ಣ ರಫು ಸೂಜಿ. ಸೂಜಿಯ ಮೊನೆಯನ್ನು ಬಣ್ಣಕ್ಕೆ ತಾಗಿಸಿ, ಕಾಲರಿನ ಹಿಂದಿನಿಂದ ತೂರಿಸಿ, ಬಟ್ಟೆಯ ತೂತು ಮುಚ್ಚುವ ಹಾಗೆಯೇ ಚುಕ್ಕಿಯ ಪಕ್ಕ ಚುಕ್ಕಿ ಕೂರಿಸುತ್ತಿದ್ದಳು. ನನ್ನ ಸದ್ದು ಕೇಳಿ ತುಟಿಯ ಮೇಲೆ ಬೆರಳಿಟ್ಟಳು.

"ಅಕ್ಕ, ಇದು ಸರಿಯಾ?" ಎಂದು ಪಿಸುಗುಟ್ಟಿದೆ.

"ಸರಿಯೋ ತಪ್ಪೋ ನಂಗೊತ್ತಿಲ್ಲ ಕಣೋ. ಹೋಗಿ ಆ ಮೇಜಿಗೆ ಕೂತ್ಕೊಳ್ಳಲಿ ಅವರು. ಇಲ್ಲಿ ಕೂತು ದಿನಾ ಸ್ವಲ್ಪ ಸ್ವಲ್ಪ ಇಲ್ಲವಾಗ್ತಿದ್ದಾರೆ." ಅವಳ ಕಣ್ಣು ತುಂಬಿತ್ತು. ಕೈ ಮಾತ್ರ ಕದಲಲಿಲ್ಲ.

ಸಂಜೆ ಭಾವ ಎದ್ದು ಬಂದು ಲೋಟ ಎತ್ತಿದರು. ಅಂಬಿಗ ಎರಡೂ ಕಣ್ಣಿನಿಂದ ಆಚೆ ದಡ ನೋಡುತ್ತಿದ್ದ. ಭಾವ ಬಹಳ ಹೊತ್ತು ಬಾಗಿ ನೋಡಿದರು, ಭೂತಗನ್ನಡಿ ಹಿಡಿದು ಮತ್ತೊಮ್ಮೆ ನೋಡಿದರು. ಅಡುಗೆಮನೆಯಲ್ಲಿ ಅಕ್ಕ ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದಳು. "ಒಣಗಿದೆ," ಎಂದರು ಭಾವ, ಅಷ್ಟೆ. ರಾತ್ರಿ ಊಟ ಪೂರ್ತಿ ಮಾಡಿದರು. ಗೊತ್ತಾಗಲಿಲ್ಲ ಎಂದುಕೊಂಡು ಅಕ್ಕ ಹಗುರಾದಳು. ನನಗೆ ನಂಬಿಕೆ ಬರಲಿಲ್ಲ, ಆದರೆ ನಂಬಬೇಕೆಂದು ಬಹಳ ಆಸೆಯಾಯಿತು.

ಸೋಮವಾರ ನಾನೇ ಜೊತೆಗೆ ಹೋದೆ. ಡಾಕ್ಟರು ಎದ್ದು ಬಂದು ಕೈ ಹಿಡಿದುಕೊಂಡರು, ಹಿಂದಿನ ಕೋಣೆಗೆ ಕರೆದೊಯ್ದರು. ಮೇಜು ಒರೆಸಿಟ್ಟಿತ್ತು, ದೀಪ ಹಾಕಿತ್ತು, ಕಟ್ಟಬೇಕಾದ ಹಲ್ಲಿನ ಅಚ್ಚುಗಳು ಸಾಲಾಗಿ ಕಾದಿದ್ದವು. ಭಾವ ಆ ಮೇಜಿನ ಅಂಚನ್ನು ಅಂಗೈಯಿಂದ ಒಮ್ಮೆ ಸವರಿದರು. ಆಮೇಲೆ ಪೆಟ್ಟಿಗೆ ಬಿಚ್ಚಿ ಅಂಬಿಗನನ್ನು ದೀಪದ ಕೆಳಗೆ ನಿಲ್ಲಿಸಿದರು. ಡಾಕ್ಟರು ಹಲ್ಲು ನೋಡುವ ಕನ್ನಡಕ ಏರಿಸಿ ಬಗ್ಗಿದವರು, "ಅಬ್ಬಾ, ಏನು ಕಣ್ರೀ ಇದು. ನನ್ನ ಕೈಯಲ್ಲೂ ಆಗಲ್ಲ. ಇನ್ನೇನು ಮಾತು, ಕೂತ್ಕೊಳ್ಳಿ," ಎಂದು ಕುರ್ಚಿ ಎಳೆದರು.

ಭಾವ ಕೂರಲಿಲ್ಲ. ಅವರ ದೃಷ್ಟಿ ಡಾಕ್ಟರ ಬಾಯಿಯ ಮೇಲಿರಲಿಲ್ಲ, ಕಣ್ಣಲ್ಲಿತ್ತು.

"ಬಲಗಣ್ಣು ನಂದು ಡಾಕ್ಟ್ರೇ. ಅದೊಂದಕ್ಕೆ ಒಂದು ವಾರ ಹಿಡೀತು. ಎಡಗಣ್ಣು ಕುಂಚದಲ್ಲಿ ಬರೆದದ್ದಲ್ಲ, ಸೂಜಿಯಲ್ಲಿ ಹಾಕಿದ್ದು. ನೋಡಿ, ಗೆರೆ ಇಲ್ಲ, ಬರೀ ಚುಕ್ಕಿ. ಅದು ನಮ್ಮನೆಯವಳದ್ದು."

ಡಾಕ್ಟರು ಕನ್ನಡಕ ತೆಗೆದು, "ಇರಲಿ ಬಿಡಿ, ನಿಧಾನಕ್ಕೆ ಮಾಡಿದ್ರಾಯ್ತು," ಎಂದರು, ದನಿಯಲ್ಲಿ ಮೊದಲಿನ ಕಸುವಿರಲಿಲ್ಲ.

"ಬಾಯಿಗೆ ಹಾಕ್ಕೊಳ್ಳೋ ಸಾಮಾನು. ನಿಧಾನ ಮಾಡಿದ್ರೂ ತಪ್ಪಿದ್ರೆ ನೋಯೋದು ಹಾಕ್ಕೊಂಡೋರಿಗೆ. ಮೇಜು ಬೇರೆಯವರಿಗೆ ಕೊಡಿ. ಕಾದಿದ್ರಲ್ಲ, ಅಷ್ಟು ಸಾಕು ನಂಗೆ."

ಡಾಕ್ಟರು ಹೊರಬಾಗಿಲವರೆಗೆ ಬಂದು, ಭಾವನ ನಡುಗುವ ಕೈಯನ್ನು ತಮ್ಮೆರಡೂ ಕೈಗಳಲ್ಲಿ ಹಿಡಿದು ಬೀಳ್ಕೊಟ್ಟರು. ವಾಪಸು ಬರುವಾಗ ಭಾವ ಪೆಟ್ಟಿಗೆಯನ್ನು ಎದೆಗವಚಿಕೊಂಡು ಎಂದಿಗಿಂತ ಸಲೀಸಾಗಿ ಹೆಜ್ಜೆ ಹಾಕುತ್ತಿದ್ದರು.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಇಷ್ಟು ಬೇಗ ಬಂದದ್ದು ಕಂಡೇ ಅರ್ಧ ಅರ್ಥವಾಗಿರಬೇಕು. "ಏನಂದ್ರು?" ಎಂದಳು.

ಭಾವ ಚಪ್ಪಲಿ ಬಿಟ್ಟು, ಅವಳ ಕಣ್ಣನ್ನು ನೆಟ್ಟಗೆ ನೋಡಿ ಹೇಳಿದರು, "ಎಡಗಣ್ಣು ತುಂಬ ಚೆನ್ನಾಗಿದೆ ಅಂದ್ರು."

ಅಕ್ಕ ಎಲ್ಲಿದ್ದಳೋ ಅಲ್ಲೇ, ಬಾಗಿಲ ಚೌಕಟ್ಟಿಗೆ ಒರಗಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಭಾವ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು ಅವಳ ಪಕ್ಕದಲ್ಲಿ ನಿಂತುಕೊಂಡರು.

ಕಾಣಿಸದ ಕೆಲಸ ಮಾಡುವ ಇಂಥ ಜನ ನಮ್ಮ ನಡುವೆ ಬಹಳ ಇದ್ದಾರೆ. ಯಾರ ಗಮನಕ್ಕೂ ಬಾರದಿರುವುದೇ ಅವರ ಕೆಲಸದ ಗೆಲುವು. ಹಾಗಾಗಿ ಅವರಿಗೆ ಹೆಸರಿನ ಹಂಬಲವಿಲ್ಲ, ತಮ್ಮದೆಂಬ ಅಭಿಮಾನವಿಲ್ಲ ಎಂದು ನಾವು ಸುಲಭವಾಗಿ ತೀರ್ಮಾನಿಸಿಬಿಡುತ್ತೇವೆ. ನಾನೂ ಹಾಗೇ ತಿಳಿದಿದ್ದೆ. ಆದರೆ ತನ್ನ ಕೈಯ ಕೆಲಸ ಎಲ್ಲಿ ಮುಗಿಯಿತು, ಇನ್ನೊಬ್ಬರ ಕೈ ಎಲ್ಲಿ ಮೊದಲಾಯಿತು ಎಂಬ ಗಡಿಯನ್ನು ಅವರಷ್ಟು ನಿಷ್ಠುರವಾಗಿ ಕಾಯುವವರು ಬೇರೆ ಯಾರೂ ಇಲ್ಲ. ಸಹಿ ಹಾಕದವರಿಗೆ ಆ ಗಡಿಯೇ ಸಹಿ. ಬೇಕಾದರೆ ಅವರು ಜೀವನೋಪಾಯವನ್ನೇ ಬಿಟ್ಟುಕೊಡುತ್ತಾರೆ, ಇನ್ನೊಬ್ಬರ ಕೆಲಸವನ್ನು ತಮ್ಮದೆಂದು ಹೇಳಿಕೊಳ್ಳುವುದಿಲ್ಲ. ಅವರ ಪ್ರೀತಿಯೂ ಇದೇ ಜಾತಿಯದು. ಬಾಯ್ತುಂಬ ಹೊಗಳಲು ಬರುವುದಿಲ್ಲ ಅವರಿಗೆ; ಇದು ನನ್ನದಲ್ಲ, ಅವಳದು ಎಂದು ಬೆರಳು ತೋರಿಸಿ ಸುಮ್ಮನಾಗುತ್ತಾರೆ. ಆ ಬೆರಳು ನಡುಗಬಹುದು, ತೋರಿಸಿದ ಜಾಗ ತಪ್ಪುವುದಿಲ್ಲ.